ಒಂಬತ್ತನೆಯ ಹಲಗೆ

ಶಿಷ್ಯನೊಬ್ಬ ಗುರುತಾಯಿಯನ್ನು ಕೇಳಿದ:

“ಅಮ್ಮಾ, ಚಂಡಮಾರುತ ಬಂದು ಹೋಗಿ ಒಂದು ವರ್ಷವಾಯಿತು. ನನ್ನ ಗಾಳಿಮರದ ತೋಪು ಬಿತ್ತು. ಅದರಡಿಯಲ್ಲಿ ನನ್ನ ಹೆಂಡತಿ ಹೋದಳು. ಆಕೆಯ ಸೀರೆಗಳನ್ನು ಕೊಟ್ಟುಬಿಟ್ಟೆ. ಆಕೆಯ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟು ಮಾಡಿದೆ. ಆದರೂ ಹೊಸ ಸಸಿ ನೆಡಲು ಗುಂಡಿ ತೋಡಿದರೆ, ನೆಡದೆ ಮತ್ತೆ ಮುಚ್ಚಿಬಿಡುತ್ತೇನೆ. ದುಃಖ ಒಳಗೆ ಬರದಂತೆ ನಾನು ಮುಚ್ಚದೆ ಬಿಟ್ಟ ಬಾಗಿಲು ಇನ್ನು ಯಾವುದು?”

ಗುರುತಾಯಿ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದರು. ಹೊಸೆಯುತ್ತಲೇ ಹೇಳಿದರು.

ಹೊಳೆ ಸಮುದ್ರ ಸೇರುವಲ್ಲಿ ಒಬ್ಬ ರೈತನಿದ್ದ. ಅವನ ಗದ್ದೆ ಉಬ್ಬರದ ನೀರಿಗಿಂತ ತಗ್ಗಿನಲ್ಲಿತ್ತು. ಸುತ್ತ ಮಣ್ಣಿನ ಒಡ್ಡು, ಒಡ್ಡಿಗೊಂದು ಬಾಗಿಲು. ಒಂಬತ್ತು ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರೆ ಬಾಗಿಲು ಮುಚ್ಚುತ್ತಿತ್ತು. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಒಡ್ಡಿನ ಹೊರಗೆ ಅಲೆಯ ಪೆಟ್ಟು ತಿನ್ನಲು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳು. ಬಾಗಿಲು ಕಾಯುವುದು ರೈತನ ತಮ್ಮನ ಕೆಲಸ.

ವೈಶಾಖದಲ್ಲಿ ಚಂಡಮಾರುತ ಬಂತು. ಸಮುದ್ರ ಒಡ್ಡು ಹತ್ತಿ ಗದ್ದೆಗೆ ಇಳಿಯಿತು. ಸಣ್ಣ ದೋಣಿಯಲ್ಲಿ ಬಾಗಿಲ ಕಡೆಗೆ ಹೋದ ತಮ್ಮ ಮರಳಲಿಲ್ಲ. ದೋಣಿಯೂ ಸಿಗಲಿಲ್ಲ. ಸಮುದ್ರ ಒಯ್ದಿತು ಎಂದರು.

ರೈತ ಅಳುತ್ತ ಕೂರುವವನಲ್ಲ. ಮೂರನೆಯ ದಿನವೇ ಗುದ್ದಲಿ ಹಿಡಿದ. ಕುಸಿದಲ್ಲಿ ಮಣ್ಣು ತುಂಬಿದ. ಬಾಗಿಲಲ್ಲಿ ಎಂಟೇ ಹಲಗೆ ಉಳಿದಿದ್ದವು. ಒಂಬತ್ತನೆಯದೂ ಸಮುದ್ರದ ಪಾಲಾಯಿತೆಂದುಕೊಂಡು ಹೊಸದನ್ನು ಮಾಡಿ ಇಳಿಸಿದ. ಅಡ್ಡಪಟ್ಟಿ ಇಟ್ಟು ಮೊಳೆ ಹೊಡೆದ. ಒಳಗೆ ಎದೆಯುದ್ದ ಉಪ್ಪುನೀರು ನಿಂತಿತು. ಅದನ್ನು ಹೊರಗೆ ಬಿಡಬೇಕೆಂದು ಅವನಿಗೆ ಗೊತ್ತಿತ್ತು. ಬಾಗಿಲು ತೆರೆಯಲು ಮನಸ್ಸಾಗಲಿಲ್ಲ.

ಮರುದಿನ ಇಳಿತದ ಹೊತ್ತಿಗೆ ಸದ್ದು ಕೇಳಿಸಿತು. ಡಬ್. ಸ್ವಲ್ಪ ತಡೆದು ಮತ್ತೆ ಡಬ್. ಯಾರೋ ಬಾಗಿಲು ಬಡಿಯುತ್ತಿದ್ದರು. ಉಬ್ಬರ ಏರಿದಾಗ ನಿಂತಿತು. ಇಳಿದಾಗ ಮತ್ತೆ ಬಂತು. ಸುಡುವ ಬಿಸಿಲಿನಲ್ಲಿ, ನಡುಹಗಲಿನಲ್ಲಿ.

ಆ ಊರಿನಲ್ಲಿ ಒಂದು ನಂಬಿಕೆ ಇತ್ತು. ಸಮುದ್ರ ಒಯ್ದವನು ಮರಳಿ ಬಂದು ಕದ ಬಡಿಯುತ್ತಾನೆ; ತೆರೆದರೆ ಇನ್ನೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಾನೆ.

ರೈತ ಕಾಂಡ್ಲ ಕಡಿದು ಕೊಂಬೆಗಳನ್ನು ಬಾಗಿಲಿಗೆ ಒಟ್ಟಿದ. ಸದ್ದು ಅಡಗಲಿಲ್ಲ. ಇನ್ನಷ್ಟು ಕಡಿದ. ಅಕ್ಕಪಕ್ಕದವರ ಗದ್ದೆಗಳಲ್ಲಿ ನೀರಿಳಿದು ಮಣ್ಣು ಕಂಡಿತು. ಇವನ ಗದ್ದೆಯಲ್ಲಿ ಸತ್ತ ಮೀನು ತೇಲಿತು. ಆ ನಾತದಲ್ಲಿ ಬೇರೆ ಯಾವ ನಾತವೂ ತಿಳಿಯುತ್ತಿರಲಿಲ್ಲ. ಅಟ್ಟದ ಮೇಲೆ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ ಬೀಜ ಉಳಿದಿತ್ತು. ಈ ಮಳೆಗೆ ಬಿತ್ತದಿದ್ದರೆ ಮುಂದಿನ ವರ್ಷ ಅದು ಮೊಳೆಯುವುದಿಲ್ಲ. ಆ ಬೀಜ ಹೋದರೆ ಗದ್ದೆಯೂ ಹೋದಂತೆ. ಮಳೆಗೆ ಹತ್ತು ದಿನವಿತ್ತು.

ಒಂದು ದಿನ, ಹೊಳೆಯ ಕೆಸರಿನಲ್ಲಿ ಚಿಪ್ಪಿ ಆರಿಸುವ ಹೆಂಗಸು ಒಡ್ಡು ಹತ್ತಿ ಬಂದಳು.

“ಅಣ್ಣಾ, ಕಾಂಡ್ಲವನ್ನೆಲ್ಲ ಕಡಿದರೆ ಮೀನು ಎಲ್ಲಿ ಮರಿ ಮಾಡಬೇಕು, ನಿನ್ನ ಅಟ್ಟದ ಮೇಲೋ?”

“ನಿನಗೆ ಕೇಳಿಸುವುದಿಲ್ಲವೇ ತಂಗಿ? ತಮ್ಮ ಹೊರಗೆ ನಿಂತು ಬಡಿಯುತ್ತಿದ್ದಾನೆ.”

“ಹೊರಗೆ ನಿಂತಿದ್ದವಳು ನಾನು. ಇಳಿತದಲ್ಲಿ ಅಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ನನ್ನನ್ನು ಬಿಟ್ಟು ನರಪಿಳ್ಳೆಯೂ ಇಲ್ಲ.” ಅವಳು ಬುಟ್ಟಿ ಇಳಿಸಿ ದನಿ ತಗ್ಗಿಸಿದಳು. “ಅಣ್ಣಾ, ಬಡಿಯುತ್ತಿರುವುದು ಒಳಗಿನಿಂದ.”

ರೈತ ಗದ್ದೆಯ ಕಡೆಗೆ ತಿರುಗಿದ. ನೀರು ಕದಲಲಿಲ್ಲ. ಬಾಗಿಲು ಡಬ್ ಎಂದಿತು.

ಅವನು ಕೊಂಬೆಗಳನ್ನು ಎಳೆದುಹಾಕಿದ. ಮೊಳೆ ಕಿತ್ತ. ಹಲಗೆಗಳನ್ನು ಒಂದೊಂದಾಗಿ ಎತ್ತಿದ. ಉಪ್ಪುನೀರು ಹೊಳೆಗೆ ಧುಮುಕಿತು. ಗದ್ದೆಯ ನೀರು ಸೊಂಟಕ್ಕೆ ಇಳಿಯಿತು, ಮೊಣಕಾಲಿಗೆ ಇಳಿಯಿತು. ಆಗ ಬಾಗಿಲ ಬಾಯಲ್ಲಿ, ಕವುಚಿದ ದೋಣಿಯೊಂದರ ಬೆನ್ನು ಕಾಣಿಸಿತು. ಇಷ್ಟು ದಿನ ಅದು ನೀರಿನಡಿಯಲ್ಲೇ ಇತ್ತು. ಇಳಿತವಾದಾಗಲೆಲ್ಲ ಹಲಗೆಯ ಸಂದಿಯಿಂದ ಒಸರುವ ನೀರು ಅದನ್ನು ಬಾಗಿಲಿಗೆ ಎಳೆಯುತ್ತಿತ್ತು.

ಇಬ್ಬರೂ ಸೇರಿ ದೋಣಿಯನ್ನು ಮಗುಚಿದರು. ಬಲೆಗೆ ಸಿಕ್ಕಿಕೊಂಡು ತಮ್ಮ ಅದರಡಿಯಲ್ಲೇ ಇದ್ದ. ಅವನ ತೋಳಿನಲ್ಲಿ ಒಂಬತ್ತನೆಯ ಹಲಗೆ ಇತ್ತು. ಗದ್ದೆಗೆ ನುಗ್ಗಿದ ನೀರನ್ನು ಹೊರಗೆ ಬಿಡಲು ಅವನು ಹೋಗಿದ್ದ. ಒಂದು ಹಲಗೆ ತೆಗೆಯುವಷ್ಟು ಹೊತ್ತು ಬದುಕಿದ್ದ. ಅದೇ ಜಾಗಕ್ಕೆ ಅಣ್ಣ ಹೊಸ ಹಲಗೆ ಇಳಿಸಿ ಮೊಳೆ ಹೊಡೆದಿದ್ದ.

ತಮ್ಮನಿಗೆ ಬೆಂಕಿ ಕೊಟ್ಟ ಮೇಲೆ, ಮಳೆ ಬರುವ ತನಕ ರೈತ ಇಳಿತಕ್ಕೊಮ್ಮೆ ಬಾಗಿಲು ತೆರೆದ. ಮಳೆ ಬಂದು ಉಳಿದ ಉಪ್ಪನ್ನು ತೊಳೆಯಿತು. ಮುಡಿಯ ಬೀಜದಲ್ಲಿ ಅರ್ಧ ಮೊಳೆಯಿತು. ಅಷ್ಟು ಸಾಕಾಯಿತು. ಕಡಿದ ಕಡೆಯಲ್ಲೆಲ್ಲ ಅವನು ಕಾಂಡ್ಲ ನೆಟ್ಟ. ಚಿಪ್ಪಿಯವಳು ನೋಡಿ, “ಗಂಡಸರ ಕೈ, ಎಲ್ಲ ಸೊಟ್ಟ” ಎಂದು ಬೈದು ತಾನೂ ನೆಟ್ಟಳು. ಹೊಸ ಅಕ್ಕಿಯ ಮೊದಲ ಅನ್ನವನ್ನು ರೈತ ಬಾಗಿಲಲ್ಲಿ, ತಮ್ಮನ ಹಲಗೆಯ ಮೇಲೆ ಇಟ್ಟ. ಇಟ್ಟು, ಅವನ ಹೆಸರು ಹಿಡಿದು ಕರೆದ.

ಗುರುತಾಯಿ ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಆಮೇಲೆ ಆ ಸದ್ದು ಮತ್ತೆ ಬಂತೇ, ಅಮ್ಮಾ?”

ಗುರುತಾಯಿ ಹಗ್ಗವನ್ನು ಕೆಳಗಿಟ್ಟರು.

“ನಿನ್ನ ಹೆಂಡತಿಯ ಹೆಸರೇನಪ್ಪಾ?”