ಅರವತ್ತನೇ ಅಕ್ಷಾಂಶದ ಮೇಲೆ

ದಕ್ಷಿಣದ ತಣ್ಣನೆಯ ಕಡಲಲ್ಲಿ ಮರಿಯನ್ನು ಕಳೆದುಕೊಂಡ ತಾಯಿ ತಿಮಿಂಗಿಲವೊಂದು, ಬಂಡೆಯ ಮೇಲೆ ಕೂತಿದ್ದ ಕಡಲಹಕ್ಕಿಯ ಬಳಿಗೆ ಬಂದು, "ಅಣ್ಣಾ, ನನ್ನ ಮರಿಯನ್ನು ಎಲ್ಲಾದರೂ ಕಂಡೆಯಾ?" ಎಂದು ಕೇಳಿತು.

"ಕಂಡೆ ತಾಯಿ. ಮೀನುಬಲೆಗೆ ಸಿಕ್ಕಿಕೊಂಡಿದೆ, ಇನ್ನೂ ಜೀವವಿದೆ. ನಡುಹಗಲ ಸೂರ್ಯನ ಎತ್ತರ ನೋಡಿಯೇ ಹೇಳುತ್ತಿದ್ದೇನೆ, ಅರವತ್ತು ಡಿಗ್ರಿ ದಕ್ಷಿಣ ಅಕ್ಷಾಂಶ. ನಾವಿರುವುದೂ ಅದೇ ಗೆರೆಯ ಮೇಲೆ. ಕೂದಲೆಳೆಯಷ್ಟೂ ತಪ್ಪಿಲ್ಲ."

"ಆ ಗೆರೆ ಭೂಮಿಯನ್ನೇ ಸುತ್ತಿ ಬರುತ್ತದಲ್ಲ. ಅದನ್ನು ಕತ್ತರಿಸುವ ರೇಖಾಂಶ ಯಾವುದು? ನಾನು ಪೂರ್ವಕ್ಕೆ ಹೋಗಲೋ, ಪಶ್ಚಿಮಕ್ಕೋ?"

ಗಾಳಿ ಎಳೆದ ಕಡೆಗೆಲ್ಲ ಹಾರಿ ಬಂದಿದ್ದ ಹಕ್ಕಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. "ಗೆರೆ ಬಿಡದೆ ಹೋಗು, ಸಿಕ್ಕೇ ಸಿಗುತ್ತದೆ," ಎಂದಿತು.

ಇಷ್ಟು ಖಚಿತವಾಗಿ ಮಾತಾಡುವವನ ಮುಂದೆ ಮತ್ತೆ ಕೇಳಲು ತಿಮಿಂಗಿಲಕ್ಕೆ ನಾಚಿಕೆಯಾಯಿತು. ತಲೆ ಪೂರ್ವಕ್ಕಿತ್ತು, ಪೂರ್ವಕ್ಕೇ ಹೊರಟಿತು. ಹಸಿವೆಯನ್ನೂ ಲೆಕ್ಕಿಸದೆ ಐದು ತಿಂಗಳು ಈಜಿ, ಭೂಮಿಯನ್ನು ಒಂದು ಸುತ್ತು ಹಾಕಿ, ಕೊನೆಗೆ ಅದೇ ಬಂಡೆಯ ಹತ್ತಿರ ಬಂತು. ಬಾಯಲ್ಲಿ ಕಚ್ಚಿ ತಂದಿದ್ದ ಹರಿದ ಬಲೆಯನ್ನು ಬಂಡೆಯ ಅಂಚಿಗೆ ಇಳಿಸಿತು. ಬಲೆಯೊಳಗೆ ಪುಟ್ಟ ಮೂಳೆಗಳಿದ್ದವು.

ಹಕ್ಕಿ ಅಳುಕುತ್ತಾ ಕೇಳಿತು, "ನಾನು ಹೇಳಿದ್ದು ತಪ್ಪಾಗಿತ್ತೇ ತಾಯಿ?"

"ತಪ್ಪಾಗಿರಲಿಲ್ಲ. ಮರಿ ಅದೇ ಗೆರೆಯ ಮೇಲೇ ಇತ್ತು. ಉಳಿದದ್ದು ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಬೇರೆಯವರನ್ನು ಕೇಳುತ್ತಿದ್ದೆ. ಇಲ್ಲಿಂದ ಪಶ್ಚಿಮಕ್ಕೆ ಒಂದೇ ದಿನದ ಹಾದಿ, ಅಣ್ಣಾ."