ಎಂಜಿನ್ನಿಗೆ ಮೂರು ಕೋಟು

ಪಾಂಡವಪುರದಲ್ಲಿ ಹೊಂಬಾಳಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಮೂವತ್ತು ದಾಟಿತ್ತು, ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಅವಳ ಗೋಳು. ‘ಒಲೆ ಮೇಲೆ ಒಂದು ಕಣ್ಣಿಟ್ಟಿರು’ ಅಂದರೆ ಇನ್ನೊಂದು ಕಣ್ಣು ಮುಚ್ಚಿಕೊಂಡು ಕೂರುವನು.

ಹೊಂಬಾಳಮ್ಮ ಅಡುಗೆಗೆ ಹೋಗುತ್ತಿದ್ದದ್ದು ಡಾಕ್ಟರ್ ವನಮಾಲಮ್ಮನ ಮನೆಗೆ. ಆಯಮ್ಮನ ಹತ್ತಿರ ಹಳೇ ಮೋರಿಸ್ ಕಾರಿತ್ತು, ಹಿಂದೆ ಹೆರಿಗೆ ಮಾಡಿಸಲು ಹಳ್ಳಿ ಹಳ್ಳಿ ಸುತ್ತಿದ ಕಾರು. ಮೈಸೂರಿನಲ್ಲಿ ಹಳೇ ಕಾರುಗಳ ಮೆರವಣಿಗೆ ಅಂತ ಸುದ್ದಿ ಬಂತು. ಅದರಲ್ಲಿ ಒಂದು ಸಲ ಹೋಗಿ ಬರಬೇಕು ಅಂತ ಎಂಬತ್ತರ ಡಾಕ್ಟರಮ್ಮನಿಗೆ ಆಸೆ. ಗ್ಯಾರೇಜಿನ ಫಯಾಜಣ್ಣ ಕಾರು ಸರಿಮಾಡಲು ಒಪ್ಪಿದ. ಹೊಂಬಾಳಮ್ಮ ಕೈಮುಗಿದು ಮಗನನ್ನೂ ಅವನಿಗೇ ಒಪ್ಪಿಸಿದಳು.

“ಎಂಜಿನ್ನಿನ ಬಣ್ಣ ಸುಟ್ಟುಹೋಗೈತೆ. ಬಿಸಿ ತಡೆಯೋ ಬಣ್ಣ ತಗೊಂಡು ಬಾ,” ಅಂದ ಫಯಾಜಣ್ಣ.

ಜವರ ಅಂಗಡಿಗೆ ಹೋಗಿ “ಬಿಸಿ ತಡೆಯೋ ಬಣ್ಣ ಕೊಡಿ” ಅಂದ. ಅಂಗಡಿಯವನು “ತಾರಸಿಗೆ ಇದನ್ನ ಬಳಿ, ಮನೆಯೊಳಗೆ ತಣ್ಣಗಿರ್ತದೆ” ಅಂತ ಒಂದು ಬಕೆಟ್ಟು ಬಿಳೀ ಬಣ್ಣ ಕೊಟ್ಟ. ಜವರ ಅದನ್ನೇ ಹೊತ್ತು ತಂದ.

“ಇದು ಮನೆಗೆ ಬಿಸಿ ಬರದಂಗೆ ತಡೆಯೋದು ಕಣೋ. ನಮಗೆ ಬೇಕಾಗಿರೋದು ಎಷ್ಟು ಕಾದರೂ ತಡಕೊಳ್ಳೋದು,” ಅಂದ ಫಯಾಜಣ್ಣ.

ಅದೂ ತಡೆಯೋದೇ, ಇದೂ ತಡೆಯೋದೇ. ಜವರನ ತಲೆ ಗಿರ್ರೆಂದಿತು.

ಮನೆಯಲ್ಲಿ ಅವ್ವ ಬೈದಳು. “ಎಂಜಿನ್ನು ಅಂತ ಬಾಯಿಬಿಟ್ಟು ಹೇಳಬಾರದೇನ್ಲಾ? ಇನ್ಮೇಲೆ ಎಂಜಿನ್ನು, ಎಂಜಿನ್ನು ಅಂತ ಅದೊಂದನ್ನೇ ನೆನೀತಾ ಇರು.”

ಮಾರನೇ ದಿನ ಎಂಜಿನ್ನು, ಎಂಜಿನ್ನು ಅನ್ನುತ್ತ ಹೋದ. ಸರಿಯಾದ ಡಬ್ಬಿಯೇ ಸಿಕ್ಕಿತು. ಫಯಾಜಣ್ಣನಿಗೆ ಖುಷಿಯಾಯಿತು.

“ಶಾಬಾಸ್. ಎಣ್ಣೆ ಇದ್ದರೆ ಬಣ್ಣ ಹಿಡಿಯಲ್ಲ. ಎಂಜಿನ್ನಿನಲ್ಲಿ ಒಂದು ತೊಟ್ಟು ಎಣ್ಣೆ ಇರಬಾರದು, ತೆಗೆದುಬಿಡು.”

ಜವರ ಎಂಜಿನ್ನು, ಎಂಜಿನ್ನು ಅನ್ನುತ್ತ ಅದರ ಮೈ ಉಜ್ಜಿದ. ಒಳಗಿರುವುದೂ ಎಂಜಿನ್ನೇ ಅಲ್ಲವೇ? ಕೆಳಗಿನ ಬಿರಡೆ ಬಿಚ್ಚಿದ. ಇದ್ದ ಎಣ್ಣೆಯೆಲ್ಲ ನೆಲಕ್ಕೆ ಹರಿಯಿತು.

ಅವ್ವ ಹಣೆ ಚಚ್ಚಿಕೊಂಡಳು. “ಒಳಗಿನದು ನಿನಗ್ಯಾಕಪ್ಪ? ಏನು ಮಾಡಿದರೂ ಮೈಮೇಲೆ ಮಾಡು, ಅಷ್ಟೇ.”

ಮರುದಿನ ಫಯಾಜಣ್ಣ ಹೇಳಿದ, “ಮೂರು ಕೋಟು ಹಾಕಬೇಕು. ತೆಳ್ಳಗಿರಲಿ. ಒಂದು ಒಣಗಿದ ಮೇಲೆ ಇನ್ನೊಂದು. ನಾನು ಶ್ರೀರಂಗಪಟ್ಟಣಕ್ಕೆ ಹೋಗಿ ಬರ್ತೀನಿ.”

ಸಂಜೆ ಬಂದು ನೋಡಿದರೆ ಎಂಜಿನ್ನಿನ ಮೈಮೇಲೆ ಜವರನ ಅಪ್ಪನ ಮದುವೆ ಕೋಟು. ಅದರ ಮೇಲೆ ವಕೀಲರ ಕರೀ ಕೋಟು. ಅದರ ಮೇಲೆ ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟು. ಮೂರೂ ತೆಳ್ಳಗಿನವೇ, ಒಗೆದು ಒಣಗಿಸಿದವೇ, ಗುಂಡಿಯನ್ನೂ ಹಾಕಿದ್ದ.

ಫಯಾಜಣ್ಣ ಒಂದೊಂದೇ ಗುಂಡಿ ಬಿಚ್ಚಿ ಮೂರೂ ಕೋಟು ತೆಗೆದ. ಕೊನೆಗೆ ಜವರನ ಕೈ ಹಿಡಿದು, ಬ್ರಷ್ಷು ಹಿಡಿಸಿ, ತಾನೇ ಪಕ್ಕದಲ್ಲಿ ನಿಂತು ಬಳಿಸಿದ. ಬಣ್ಣವೇನೋ ಚೆಂದ ಕೂತಿತು. ಹೊಸ ಎಣ್ಣೆ ತುಂಬಿ, ಎಂಜಿನ್ನು ಕಾಯಿಸಿ, ಬಣ್ಣ ಗಟ್ಟಿಯನ್ನೂ ಮಾಡಿದರು.

ಅವ್ವ ಮಾತ್ರ ಅಳುತ್ತ ಹೇಳಿದಳು, “ಡಾಕ್ಟರಮ್ಮನ ಮುಂದೆ ನಾನು ತಲೆ ತಗ್ಗಿಸೋ ಹಂಗೆ ಮಾಡಬೇಡ ಕಣಪ್ಪ. ಏನೂ ತೋಚದೇ ಹೋದರೆ ಮನೇಲಿ ನಾನು ಹೆಂಗೆ ಮಾಡ್ತೀನೋ ಹಂಗೆ ಮಾಡು.”

ಮೆರವಣಿಗೆಯ ದಿನ ಬಂತು. ಫಯಾಜಣ್ಣ ಓಡಿಸಿದ. ಡಾಕ್ಟರಮ್ಮ ಮುಂದೆ, ತಾಯಿ ಮಗ ಹಿಂದೆ. ಮೈಸೂರಿನ ಬಯಲಿನಲ್ಲಿ ಕಾರುಗಳು ಸಾಲುಗಟ್ಟಿದವು.

“ಎಂಜಿನ್ನು ಬಿಸಿ ಆಗೈತೆ. ಸ್ವಲ್ಪ ಆರಿಸು. ನಾನು ಹೆಸರು ಬರೆಸಿ ಬರ್ತೀನಿ,” ಅಂದು ಫಯಾಜಣ್ಣ ಹೋದ.

ಬಿಸಿಯಾದದ್ದನ್ನು ಆರಿಸುವುದು ಹೇಗೆ? ಜವರನಿಗೆ ತೋಚಲಿಲ್ಲ. ಅವ್ವ ಬಿಸಿ ಹಾಲನ್ನು ಹೇಗೆ ಆರಿಸುತ್ತಾಳೆ ಅಂತ ನೆನೆಸಿಕೊಂಡ. ಅವಳು ತಂದಿದ್ದ ತಿಂಡಿ ಬುಟ್ಟಿಯಿಂದ ಎರಡು ಚೊಂಬು ತೆಗೆದ. ರೇಡಿಯೇಟರಿನ ನಲ್ಲಿ ತಿರುಗಿಸಿ ಕುದಿನೀರು ಹಿಡಿದ. ಈ ಚೊಂಬಿನಿಂದ ಆ ಚೊಂಬಿಗೆ, ಆ ಚೊಂಬಿನಿಂದ ಈ ಚೊಂಬಿಗೆ ಎತ್ತಿ ಹುಯ್ಯುತ್ತ ನಿಂತ.

ಬಾವುಟ ಬೀಸಿದರು. ಉಳಿದ ಕಾರುಗಳೆಲ್ಲ ಹೊರಟವು. ಫಯಾಜಣ್ಣ ಓಡಿ ಬಂದ. ಕಾರಿನೊಳಗೆ ಹೊಂಬಾಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಜವರ ಚೊಂಬಿನೊಳಗೆ ಬೆರಳಿಟ್ಟು ನೋಡಿದ. ಹದವಾಗಿತ್ತು.

“ಆರೈತೆ ಫಯಾಜಣ್ಣ. ಎರಡು ಚಮಚ ಸಕ್ಕರೆನೂ ಹಾಕಿವ್ನಿ. ಎಂಜಿನ್ನಿಗೆ ಕುಡಿಸ್ಲಾ, ಡಾಕ್ಟರಮ್ಮನಿಗೆ ಕೊಡ್ಲಾ?”