ತಲೆಬಾಗದವರ ನ್ಯಾಯಪೀಠ

ಕಾಡನ್ನು ಆಳುತ್ತಿದ್ದ ಚಿರತೆ ಮುಪ್ಪಾಗಿ ಗುಂಡಿಗೆ ಬಿದ್ದಾಗ ಪ್ರಾಣಿಗಳೆಲ್ಲ ಸೇರಿ ಅದನ್ನು ಬಳ್ಳಿಯಲ್ಲಿ ಬಿಗಿದು ವಿಚಾರಣೆಗೆ ತಂದವು. ಅದರ ಕಾಲದಲ್ಲಿ ಕೊಳದ ನೀರು ಕುಡಿಯುವ ಮೊದಲು ಎಲ್ಲರೂ ಅದು ಕೂರುವ ಬಂಡೆಯತ್ತ ತಲೆಬಾಗಬೇಕಿತ್ತು. ಬಾಯಾರಿದ್ದ ಜಿಂಕೆಮರಿಯೊಂದು ಅದನ್ನು ಮರೆತು ನೀರಿಗೆ ಬಾಯಿ ಹಾಕಿತ್ತು. ಆಮೇಲೆ ಮನೆಗೆ ಬರಲಿಲ್ಲ. ಇಂದು ತಾಯಿ ಜಿಂಕೆ ಎಲ್ಲರಿಗಿಂತ ಮುಂದೆ ನಿಂತಿತ್ತು.

ನ್ಯಾಯಾಧೀಶನ ಕಲ್ಲಿನ ಮೇಲೆ ನರಿ ಕೂತಿತ್ತು. ಯಾರು ಬಾಗಲಿಲ್ಲವೆಂದು ಚಿರತೆಗೆ ಸುದ್ದಿ ಮುಟ್ಟಿಸುತ್ತಿದ್ದುದೂ ಅದೇ.

“ಇದು ನ್ಯಾಯವಲ್ಲ,” ಎಂದಿತು ಚಿರತೆ. “ನನಗೆ ತಲೆಬಾಗಿದವರಿಗೆಲ್ಲ ನನ್ನ ಮೇಲೆ ಸಿಟ್ಟಿದೆ. ಎಂದೂ ಬಾಗದವರು ನನ್ನನ್ನು ವಿಚಾರಿಸಲಿ.”

“ಒಪ್ಪತಕ್ಕ ಮಾತು, ಒಡೆಯಾ,” ಎಂದ ನರಿ ನಾಲಿಗೆ ಕಚ್ಚಿಕೊಂಡಿತು. “ಅಂದರೆ, ಆರೋಪಿಯೇ. ಅಂಥವರು ಯಾರಿದ್ದೀರಿ?”

ಆನೆ ನೆಲ ನೋಡಿತು. ಕಾಡುಕೋಣ ಸುಮ್ಮನೆ ಕೆಮ್ಮಿತು.

“ಯಾರೂ ಇಲ್ಲದಿದ್ದರೆ ಬಿಟ್ಟುಬಿಡಬೇಕಾಗುತ್ತದೆ,” ಎಂದು ನರಿ ಲಗುಬಗೆಯಿಂದ ಎದ್ದಿತು.

ಜಿಂಕೆ ಕಲ್ಲಿನತ್ತ ಒಂದು ಹೆಜ್ಜೆ ಮುಂದಿಟ್ಟಿತು. “ಇದ್ದಾರೆ, ನರಿಯಪ್ಪ. ನನ್ನ ಮಗುವಿದೆ, ಆ ಮುಂಗೋಪಿ ಮೊಲದಣ್ಣನಿದ್ದಾನೆ. ಎಲ್ಲರೂ ಇವನ ಗುಹೆಯಲ್ಲೇ ಬಿದ್ದಿದ್ದಾರೆ. ವಿಚಾರಣೆ ಅಲ್ಲೇ ನಡೆಯಲಿ. ಅವರಿಗೆ ಅವಸರವಿಲ್ಲ, ಇವನು ಹೇಳುವುದನ್ನೆಲ್ಲ ಪೂರ್ತಿ ಕೇಳುತ್ತಾರೆ.”

ಚಿರತೆ ಗುಹೆಯತ್ತ ಒಮ್ಮೆ ನೋಡಿ ಮುಖ ತಿರುಗಿಸಿತು.

“ಅಷ್ಟೆಲ್ಲ ಯಾಕೆ? ನರಿಯೇ ಇರಲಿ. ಅವನ ನ್ಯಾಯಬುದ್ಧಿಯಲ್ಲಿ ನನಗೆ ಪೂರ್ಣ ನಂಬಿಕೆಯಿದೆ.”

ಆದರೆ ಜಿಂಕೆ ಆಗಲೇ ಗುಹೆಯ ದಾರಿ ಹಿಡಿದಿತ್ತು. ಆನೆ ಬಳ್ಳಿಯ ತುದಿ ಹಿಡಿದು ಚಿರತೆಯನ್ನು ಎಳೆದುಕೊಂಡು ಅದರ ಹಿಂದೆ ಹೊರಟಿತು.